ಘೋಡಗೇರಿ ಲಾರಿಯ ನೀಲಿ ಹೊಗೆ

ಕಬ್ಬಿನ ಹಂಗಾಮು ಶುರುವಾಗಿತ್ತು. ಘೋಡಗೇರಿಯ ಬಸಪ್ಪಕಾಕಾ ತಮ್ಮ ಹಳೇ ಲಾರಿ ತಂದು ಗೋಕಾಕದ ನನ್ನ ಗ್ಯಾರೇಜಿನ ಮುಂದೆ ನಿಲ್ಲಿಸಿದರು. ಹಿಂದೆ ನೀಲಿ ಹೊಗೆ. ನೀಲಿ ಎಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಕಪ್ಪಾದರೆ ಡೀಸೆಲ್ ಹೆಚ್ಚಾಗಿದೆ ಎಂದು. ಇದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

“ಇಂಜಿನ್ ಹೋಗೇತಿ, ಬಿಚ್ಚು. ಈ ಸಲ ಹಂಗಾಮ ಹೋತಂತ ತಿಳಿ,” ಎಂದರು. ಬಿಚ್ಚಿದರೆ ಹದಿನೈದು ದಿನ ಲಾರಿ ನಿಂತಲ್ಲೇ ನಿಲ್ಲಬೇಕು.

“ಇಂಜಿನ್ನಿಗೆ ಆಯಿಲ್ ಎಷ್ಟ ಹಾಕಾಕತ್ತೀರಿ, ಕಾಕಾ?”

“ಒಂದ ಹನಿನೂ ಹಾಕಿಲ್ಲೋ.”

ಅಳತೆ ಕಡ್ಡಿ ಎಳೆದು ನೋಡಿದೆ. ಇಂಜಿನ್ನಿನ ಆಯಿಲ್ ಕಡಿಮೆಯಾಗಿರಲಿಲ್ಲ. ಹಾಗಾದರೆ ಸುಡುತ್ತಿರುವುದು ಬೇರೆ ಆಯಿಲ್. ಹಳೇ ಲಾರಿಗಳಲ್ಲಿ ಗಾಳಿಯ ಧೂಳು ಹಿಡಿಯಲು ಏರ್ ಕ್ಲೀನರ್ ಬಟ್ಟಲಿನಲ್ಲೂ ಸ್ವಲ್ಪ ಆಯಿಲ್ ಇರುತ್ತದೆ. ತೆರೆದೆ. ಅಂಚಿನವರೆಗೆ ತುಂಬಿತ್ತು, ಇಂಜಿನ್ ಗಾಳಿಯ ಜೊತೆ ಅದನ್ನೂ ಎಳೆದುಕೊಳ್ಳುತ್ತಿತ್ತು.

“ಇದನ್ನ ಯಾರ ತುಂಬಿದ್ರು?”

“ನಾನ. ಈ ವರ್ಷ ಧೂಳ ಭಾಳ ಐತಲ್ಲ!”

ಬಟ್ಟಲಿನ ಮೇಲಿನ ಅಳತೆ ಗುರುತಿನಷ್ಟು ಉಳಿಸಿ ಮಿಕ್ಕದ್ದು ಬಸಿದೆ. ಅರ್ಧ ತಾಸು ಓಡಿಸಿದ ಮೇಲೆ ಹೊಗೆ ನಿಂತಿತು. ಕಾಕಾ ನಗಲಿಲ್ಲ. ಹತ್ತಿರ ಬಂದು, “ಇಂಜಿನ್ ಹೋಗೇತಿ ಅಂತ ಊರಿಗೆಲ್ಲಾ ಹೇಳೇನಿ. ಯಾರರ ಕೇಳಿದ್ರ ದೊಡ್ಡ ಕೆಲಸ ಇತ್ತು ಅನ್ನಪಾ,” ಎಂದರು.

ಅಂದೆ. ಹಾಗಾಗಿ ಘೋಡಗೇರಿಯವರ ಪಾಲಿಗೆ ನಾನು ಅರ್ಧ ತಾಸಿನಲ್ಲಿ ಇಂಜಿನ್ ಬಿಚ್ಚಿ ಕಟ್ಟುವ ಮಿಸ್ತ್ರಿ.