ಹಾಲಸಿದ್ದಪ್ಪನ ಸಲ್ಯೂಟು

ಎರಡನೇ ಮಹಾಯುದ್ಧ ಮುಗಿಸಿ ರಾಜೂರಿಗೆ ಬಂದಾಗಿನಿಂದ ಹಾಲಸಿದ್ದಪ್ಪ ಯಾರಿಗೂ ಸಲ್ಯೂಟು ಹೊಡೆದಿರಲಿಲ್ಲ. ಗಜೇಂದ್ರಗಡದ ಸಂತೆಯಲ್ಲಿ ಫೌಜದಾರರು ಎದುರಾದರೂ ಕೈ ಮುಗಿದು ಸರಿಯುತ್ತಿದ್ದ. ‘ಒಮ್ಮೆ ಹೊಡದ ತೋರ್ಸೋ, ನಾವೂ ನೋಡ್ತೀವಿ’ ಎಂದು ಕಟ್ಟೆಯವರು ಕಾಡಿದರೆ, ‘ಅದೇನ ಸರ್ಕಸ್ಸೇನ್ಲೇ?’ ಎಂದು ಎತ್ತು ಹೊಡೆದುಕೊಂಡು ಹೊಲಕ್ಕೆ ನಡೆದುಬಿಡುತ್ತಿದ್ದ.

ಕಾರಣ ಗೊತ್ತಿದ್ದದ್ದು ಹೆಂಡತಿ ರೇಣವ್ವನಿಗೆ ಮಾತ್ರ. ಇಟಲಿಯ ಹಳ್ಳಿಯೊಂದರಲ್ಲಿ ಇವನು ಸೀನಿದಾಗ ಒಲೆಯ ಮುಂದಿನ ಮುದುಕಿ ‘ಸಲೂತೆ’ ಅಂದಿದ್ದಳಂತೆ. ಆರೋಗ್ಯವಾಗಿರು ಎಂದು ಅದರರ್ಥ. ಇಂಗ್ಲಿಷರ ಸಲ್ಯೂಟೂ ಅದೇ ಹಳೆಯ ಬೇರಿನದು, ರೋಮಿನವರು ಎದುರಾದವರಿಗೆ ಕ್ಷೇಮ ಹಾರೈಸುತ್ತಿದ್ದ ಮಾತು ಎಂದು ಪಲ್ಟನ್ನಿನ ದುಭಾಷಿ ಬಿಡಿಸಿ ಹೇಳಿದ. ಹಾಲಸಿದ್ದಪ್ಪ ಬೆರಗಾದ. ಇಷ್ಟು ದಿನ ಹುಕುಮ್ ಎಂದುಕೊಂಡದ್ದು ಹಾರೈಕೆಯಾಗಿತ್ತೇ! ಮರುದಿನ ಗೆಳೆಯ ಪರಶಪ್ಪ ಲಾರಿ ಹತ್ತಿ ಹೊರಟಾಗ, ಅವನೂ ತನ್ನಂಥ ಸಿಪಾಯಿಯೇ ಆದರೂ, ನೆಟ್ಟಗೆ ನಿಂತು ಮನಸಾರೆ ಸಲ್ಯೂಟು ಹೊಡೆದ. ಪರಶಪ್ಪ ತಿರುಗಿ ಬರಲಿಲ್ಲ.

‘ನನ್ನ ಕೈಯಾಗ ಗುಣಾ ಇಲ್ಲ’ ಎನ್ನುವುದು ಅಂದಿನಿಂದ ಅವನಲ್ಲಿ ಬೇರೂರಿತು.

ಐವತ್ತೆರಡರ ಚಳಿಗಾಲದಲ್ಲಿ ರೇಣವ್ವ ತಿಂಗಳು ತುಂಬುವ ಮೊದಲೇ ಹೆಣ್ಣು ಹೆತ್ತಳು. ಅತ್ತೆ ಕರೆವ್ವ ಕೂಸನ್ನು ಹಿಂಜಿದ ಅರಳೆಯಲ್ಲಿ ಸುತ್ತಿ ಶೆಗಡಿಯ ಕೆಂಡದ ಕಾವಿನಲ್ಲಿಟ್ಟಳು. ಬತ್ತಿಯಲ್ಲಿ ಅದ್ದಿ ತುಟಿಗೆ ಹನಿಸಿದ ಹಾಲು ಕಟಬಾಯಿಯಿಂದ ಹೊರಗೇ ಇಳಿಯುತ್ತಿತ್ತು. ‘ನುಂಗಿದ್ರ ಉಳೀತೈತಿ’ ಎಂದಿದ್ದರು ರೋಣದ ಡಾಕ್ಟರು.

ಹಾಲಸಿದ್ದಪ್ಪ ಹೊಸ್ತಿಲಾಚೆಯೇ ನಿಂತಿದ್ದ.

‘ಒಳಗ ಬರ್ರಿ’ ಎಂದಳು ರೇಣವ್ವ.

‘ಬ್ಯಾಡ. ನನ್ನ ಕೈಗುಣಾ ನಿನಗ ಗೊತ್ತೈತಿ.’

‘ಲಾರಿಗೆ ಗುಂಡು ಹೊಡದಾವ್ರು ನೀವೇನ್ರಿ? ನೀವು ಹಾರೈಸಿದ್ರಿ, ಅಷ್ಟ. ಹೆದರೂದು ಆಮ್ಯಾಲ ಹೆದರ್ರಿ, ಮದಲ ಈ ಬಟ್ಲಾ ಹಿಡೀರಿ. ನನ್ನ ಕೈ ಸೋತಾವು.’

‘ಜರ್ಮನ್ನರಿಗೆ ಹೆದರದಾಂವ ಅಂಗೈಯಷ್ಟ ಕೂಸಿಗೆ ಹೆದರ್ತಾನ ನೋಡ!’ ಎಂದಳು ಕರೆವ್ವ.

ಅವನು ಒಳಗೆ ಬಂದು ಬಟ್ಟಲು ಹಿಡಿದು ಕುಳಿತ. ಆಗಲೇ ಕೂಸು ಸೀನಿತು. ಅರಳೆಯ ಒಂದೆಳೆಯಷ್ಟೇ ಅಲುಗಿತು. ‘ನೂರು ವರ್ಷ ಬಾಳ ನನ್ನವ್ವಾ’ ಎಂದಳು ಕರೆವ್ವ.

ಹಾಲಸಿದ್ದಪ್ಪ ಬಟ್ಟಲನ್ನು ಕೆಳಗಿಟ್ಟು ಎದ್ದ. ಬರಿಗಾಲ ಹಿಮ್ಮಡಿಗಳು ಕೂಡಿದವು. ಬೆನ್ನು ನೆಟ್ಟಗಾಯಿತು. ಮೇಲೇರಿದ ಕೈ ಹಣೆಯ ಹತ್ತಿರ ಬಂದು ಕಲ್ಲಿನಂತೆ ನಿಂತಿತು. ಮಣ್ಣು ಮೆತ್ತಿದ ಧೋತರದ ತನ್ನ ಗಂಡ ತೊಲೆಯೆತ್ತರ ಬೆಳೆದಂತೆ ಕಂಡು ರೇಣವ್ವನಿಗೆ ಮೈ ಜುಮ್ಮೆಂದಿತು. ದೊರೆಗೂ ಹೀಗೆ ಯಾರು ನಿಂತಾರು!

‘ಸಾಕ್ರಿ, ಕೈ ಇಳಸ್ರಿ.’

‘ಅಕಿ ನುಂಗಲಿ.’

ರೇಣವ್ವ ಬತ್ತಿ ಅದ್ದಿ ಹನಿಸಿದಳು. ಕೂಸಿನ ಗಂಟಲು ಸಣ್ಣಗೆ ಆಡಿತು.

‘ನುಂಗ್ತು?’

‘ನುಂಗ್ತ್ರಿ.’

‘ಇನ್ನೊಂದ ಹನಿ ಹಾಕ’ ಎಂದ ಹಾಲಸಿದ್ದಪ್ಪ, ಕೈ ಇಳಿಸದೆ.