ಧಾರೆ ಸೀರೆಯ ಮೇಲೊಂದು ಚೇಳು

ಕೆಲಸ ಹುಡುಕಿಕೊಂಡು ಮಂಡ್ಯಕ್ಕೆ ಬಂದ ದಿನ ಸೀರೆ ಅಂಗಡಿಯ ಯಜಮಾನರು ನನ್ನ ಮುಖಕ್ಕಿಂತ ಮೊದಲು ನನ್ನ ಬಲಗೈ ನೋಡಿದರು. “ಏನ್ಲಾ, ರೌಡಿಯೇನ್ಲಾ ನೀನು?” ಅಂದರು. ನಮ್ಮ ಸಿಂದಗಿ ಕಡೆ ಎತ್ತು ಕೊಳ್ಳಲು ಬಂದ ಅಪರಿಚಿತನಿಗೂ ‘ರೀ’ ಅನ್ನುತ್ತೇವೆ. ಇಲ್ಲಿ ‘ಲಾ’ ಅಂದರೆ ಸಲಿಗೆ, ಬೈಗುಳವಲ್ಲ ಎಂದು ತಿಳಿಯಲು ತಿಂಗಳುಗಳೇ ಹಿಡಿದವು. ‘ರೌಡಿ’ ಮಾತ್ರ ಬೈಗುಳವೇ.

ಅಂಗೈ ಹಿಂಭಾಗದಲ್ಲಿರುವುದು ಚೇಳಿನ ಹಚ್ಚೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಹೊಲದಲ್ಲಿ ಕಲ್ಲು ಆರಿಸಲು ಹೋದಾಗ ಅವ್ವ ಹಾಕಿಸಿದ್ದು. ಅದಿದ್ದರೆ ಕಲ್ಲಿನಡಿಯ ಚೇಳು ನಮ್ಮವನೇ ಅಂತ ಬಿಟ್ಟುಬಿಡುತ್ತದೆ ಅನ್ನುವುದು ನಮ್ಮ ಮನೆಯ ನಂಬಿಕೆ.

ಇಲ್ಲಿ ರಾಗಿ ಮುದ್ದೆಯನ್ನು ಅಗಿಯದೆ ನುಂಗುವುದು ಕಲಿತೆ. ಬಾಡಿಗೆ ಕೋಣೆ ಕೇಳುವಾಗ ಕೈಯನ್ನು ಜೇಬಿನಲ್ಲೇ ಇಟ್ಟುಕೊಳ್ಳುವುದನ್ನೂ ಕಲಿತೆ. ಕೆಲಸದಲ್ಲಿ ಮಾತ್ರ ಯಾರಿಗೂ ಸೋಲಲಿಲ್ಲ. ಮದುವೆಯ ಧಾರೆ ಸೀರೆ ತೋರಿಸುವ ಜಾಗ ನನ್ನದಾಯಿತು. ನಮ್ಮ ಅಂಗಡಿಯಲ್ಲಿ ಅದಕ್ಕಿಂತ ಮೇಲಿನ ಕೆಲಸವಿಲ್ಲ.

ಆತಗೂರಿನ ಮದುವೆ ಮನೆಯವರ ಮುಂದೆ ಒಂದು ದಿನ ಸೆರಗು ಹರಡಿದೆ. ಹುಡುಗಿಯ ಸೋದರತ್ತೆ ಹಿಂದಕ್ಕೆ ಸರಿದರು.

“ಧಾರೆ ಸೀರೆ ಮ್ಯಾಲೆ ಚೇಳು ಅರ್ದಾಡ್ದಂಗಾಯ್ತದೆ. ಬ್ಯಾರೆಯೋರ್ನ ಕರೀರಿ.”

ಸಂಜೆ ಯಜಮಾನರು ಬ್ಯಾಂಡೇಜ್ ತಂದುಕೊಟ್ಟರು. “ಸುತ್ಕೊ. ಸುಟ್ಟೋಯ್ತು ಅನ್ನು. ಇಲ್ಲಾಂದ್ರೆ ಮ್ಯಾಲಕ್ಕೋಗಿ ಮೂಟೆ ಬಿಚ್ಚು.”

“ಸುಳ್ಳು ಯಾಕ ಹೇಳ್ಬೇಕ್ರಿ?”

“ಯಾಪಾರ ಕಣ್ಲಾ.”

ಸುತ್ತಿಕೊಂಡೆ. ಈ ಊರಿನ ಅಕ್ಕರೆಯೆಲ್ಲ ಆ ಬ್ಯಾಂಡೇಜಿಗೆ ಸಿಕ್ಕಿತು. “ಪಾಪ, ನೋಯ್ತದಾ?” ಅನ್ನುತ್ತಲೇ ಗಿರಾಕಿಗಳು ಸೀರೆ ತೆಗೆದುಕೊಂಡರು. ಸುಟ್ಟ ಕೈ ನಡೆಯುತ್ತಿತ್ತು, ನನ್ನ ಕೈ ನಡೆಯುತ್ತಿರಲಿಲ್ಲ.

ಕೊಪ್ಪದ ಒಬ್ಬ ತಾಯಿ ಮಗಳ ಮದುವೆ ಜವಳಿಗೆಂದು ಮತ್ತೆ ಮತ್ತೆ ಬರುತ್ತಿದ್ದರು. ಧಾರೆ ಸೀರೆ ಆರಿಸಲು ಬಂದ ದಿನ ಡಬ್ಬಿಯಲ್ಲಿ ಬೆಣ್ಣೆ, ಅರಿಸಿನ ಕಲೆಸಿ ತಂದರು.

“ಇನ್ನೂ ವಾಸಿಯಾಗ್ನಿಲ್ವಾ? ಬಿಚ್ಚು ಮಗ, ನಾನೇ ಅಚ್ತೀನಿ.”

ಗಲ್ಲಾದಲ್ಲಿದ್ದ ಯಜಮಾನರು ಬೇಡವೆಂದು ಕಣ್ಣು ಬಿಟ್ಟರು. ಮನೆಯಿಂದ ಬೆಣ್ಣೆ ತಂದವರ ಮುಂದೆ ಆ ಸುಳ್ಳು ನನ್ನಿಂದ ಆಗಲಿಲ್ಲ. ಬಿಚ್ಚಿದೆ.

ಆ ತಾಯಿಯ ಎರಡೂ ಕೈಗಳಿಗೆ ಮೊಣಕೈವರೆಗೆ ಹಸಿರು ಹಚ್ಚೆಯಿತ್ತು, ಬಳ್ಳಿ, ತುಳಸಿಕಟ್ಟೆ. ಆದರೂ ನನ್ನ ಚೇಳು ಕಂಡದ್ದೇ ಡಬ್ಬಿಯ ಮುಚ್ಚಳ ಹಾಕಿದರು.

“ಗಾಯ ಆಗಿದ್ರೆ ವಾಸಿ ಮಾಡ್ಬೋದಿತ್ತು ಕಣಪ್ಪ.”

ಸೀರೆ ಕೊಳ್ಳದೆ ಎದ್ದುಹೋದರು. ಮರುದಿನದಿಂದ ನಾನು ಮಹಡಿಯಲ್ಲಿ ಮೂಟೆ ಬಿಚ್ಚುತ್ತಿದ್ದೇನೆ. ನನ್ನ ಜಾಗದಲ್ಲಿ ಕೂತವನಿಗೆ ಸೆರಗು ಮಡಚಲೂ ಬರುವುದಿಲ್ಲ.

ಯಜಮಾನರು ಕೆಟ್ಟವರಲ್ಲ. “ಮೈಸೂರ್ಗೋಗಿ ಅಳಿಸ್ಕೊಂಡ್ ಬಾರ್ಲಾ, ಜಾಗ ನಿಂದೇಯ,” ಅನ್ನುತ್ತಾರೆ. ಅವ್ವನಿಗೆ ಫೋನಿನಲ್ಲಿ ಹೇಳಿದೆ.

“ಅಳಿಸ್ಕೊಂಡ್ರ ನಾಳೆ ಹೊಲಕ್ಕ ಹೆಂಗ ಇಳಿತಿಯೋ?” ಅಂದಳು.

ಇನ್ನು ಹೊಲಕ್ಕೆ ಇಳಿಯುವವನಲ್ಲ ನಾನು. ಅದನ್ನು ಅವಳಿಗೆ ಹೇಳಲಾಗಲಿಲ್ಲ. ಅಳಿಸುತ್ತೇನೆಂದು ಯಜಮಾನರಿಗೂ ಹೇಳಿಲ್ಲ.