ಗಟ್ಟಿಯಾಗಿದ್ದ ಬ್ರೇಕ್

ಹೋದ ಶನಿವಾರ ಬೆಳಿಗ್ಗೆ ಹತ್ತೂಕಾಲಿಗೆ ನಾನು ಹಲಸೂರಿನ ಒಂದು ಗ್ಯಾರೇಜಿನಲ್ಲಿ, ಬಿಳಿ ಕಾರೊಂದರ ಡ್ರೈವರ್ ಬಾಗಿಲಿಗೆ ಒಂದು ಮೊಳ ದೂರದಲ್ಲಿ ನಿಂತಿದ್ದೆ. ಕಾರು ಸೆಲ್ವಂ ಅವರದು. ನನ್ನ ಮಗಳೂ ಸೇರಿ ನಮ್ಮ ಬೀದಿಯ ಆರು ಮಕ್ಕಳನ್ನು ದಿನವೂ ಶಾಲೆಗೆ ಕರೆದೊಯ್ಯುವವರು ಅವರು.

ಅವರು ಆಯಿಲ್ ಬದಲಾಯಿಸಲು ಬಂದಿದ್ದರು, ನಾನು ಜೊತೆಗೆ ಬಂದಿದ್ದೆ. ಆದರೆ ಮೆಕ್ಯಾನಿಕ್ ನಜೀರ್ ಭಾಯ್ ಬ್ರೇಕ್ ನೋಡದೆ ಯಾವ ಗಾಡಿಯನ್ನೂ ಕಳಿಸುವವರಲ್ಲ. ಎಂಜಿನ್ ಆಫ್ ಮಾಡಿ ಪೆಡಲನ್ನು ಐದು ಸಲ ಒತ್ತಿದರು. ಕಾಲನ್ನು ಅದರ ಮೇಲೆಯೇ ಇಟ್ಟುಕೊಂಡು ಎಂಜಿನ್ ಸ್ಟಾರ್ಟ್ ಮಾಡಿದರು. ಆಗ ಪೆಡಲ್ ತಾನಾಗಿ ಸ್ವಲ್ಪ ಕೆಳಗಿಳಿಯಬೇಕಂತೆ. ಇಳಿಯಲಿಲ್ಲ. ಮತ್ತೊಮ್ಮೆ ಮಾಡಿದರು. ಆಗಲೂ ಇಳಿಯಲಿಲ್ಲ. ನನ್ನನ್ನು ಕೂರಿಸಿ ಒತ್ತಲು ಹೇಳಿದರು. ಕಲ್ಲಿನ ಹೊಸಿಲನ್ನು ತುಳಿದ ಹಾಗಿತ್ತು. ನಾವು ಒತ್ತುವ ಬಲವನ್ನು ಹಲವು ಪಟ್ಟು ಹೆಚ್ಚಿಸಿ ಬ್ರೇಕಿಗೆ ಕೊಡುವ ಬೂಸ್ಟರ್ ಕೆಟ್ಟುಹೋಗಿದೆ ಎಂದರು.

ಸೆಲ್ವಂ ಮೆಲ್ಲಗೆ ಹೇಳಿದರು: "ಎರಡು ತಿಂಗಳಿಂದ ಹೀಗೇ ಇದೆ ಭಾಯ್. ಬ್ರೇಕ್ ಗಟ್ಟಿಯಾಗಿದೆ ಅಂತ ಖುಷಿಯಾಗಿದ್ದೆ. ಟಿನ್ ಫ್ಯಾಕ್ಟರಿ ಹತ್ರ ರಸ್ತೆ ಇಳಿಜಾರಲ್ಲಿ ಮಾತ್ರ ಎರಡೂ ಕಾಲಿಟ್ಟು ಒತ್ತೀನಿ."

ನಜೀರ್ ಭಾಯ್ ಕೀ ತೆಗೆದು ಜೇಬಿಗೆ ಹಾಕಿಕೊಂಡರು. "ಗಟ್ಟಿ ಇರೋದು ಬ್ರೇಕಲ್ಲ ಗುರು, ನಿನ್ ನಸೀಬು."

 ಆ ಪೆಡಲ್ ಇಳಿಯದಿದ್ದುದನ್ನು ಕಂಡವರು ನಾವು ಮೂವರು: ನಜೀರ್ ಭಾಯ್, ಸೆಲ್ವಂ, ನಾನು. ಅದನ್ನು ನೋಡದೆ ಎರಡು ತಿಂಗಳು ಆ ಕಾರಿನಲ್ಲಿ ಹಾಡಿಕೊಂಡು ಹೋದ ಆರು ಮಕ್ಕಳೂ ಇದ್ದಾರೆ, ಚೆನ್ನಾಗಿಯೇ ಇದ್ದಾರೆ.